ತಂಗಿ, ಆ ಲೆಕ್ಕದ ವಹಿ ಮುಚ್ಚಿಡು

ತಂಗಿ, ನಿನ್ನೆ ರಾತ್ರಿ ಗುಂಪಿನಲ್ಲಿ ನೀನು ಹಾಕಿದ ವಾಯ್ಸ್ ಮೆಸೇಜನ್ನು ಮೂರು ಸಲ ಕೇಳಿದೆ. ದಾಲ್ ಮಿಲ್ಲಿನಲ್ಲಿ ನಿಮ್ಮ ಮನೆಯವರ ಕೆಲಸ ಹೋಗಿ ಐದು ತಿಂಗಳಾಯಿತು ಅಂದೆ. ಇಪ್ಪತ್ತೊಂದು ದಿನ ಉಪವಾಸ ಪ್ರಾರ್ಥನೆ ಮಾಡಿದೆ, ಹರಕೆ ಹೊತ್ತೆ, ಏನೂ ಆಗಲಿಲ್ಲ ಅಂದೆ. ಪ್ರಾರ್ಥನೆ ಕೂಟದಲ್ಲಿ ಯಾರೋ ಒಬ್ಬರು "ನಿನ್ನ ವಿಶ್ವಾಸದಲ್ಲೇ ಕೊರತೆ ಇದೆ, ಅದಕ್ಕೇ ಉತ್ತರ ಬರುತ್ತಿಲ್ಲ" ಅಂದರಂತೆ. "ದೇವರ ಮುಂದೆ ನಾನು ಫೇಲ್ ಅಕ್ಕಾ, ಇನ್ನು ಭಾನುವಾರ ಚರ್ಚಿಗೆ ಹೋಗುವುದಿಲ್ಲ" ಅಂತ ನೀನು ಅತ್ತಿದ್ದು ಕೇಳಿ ನನಗೆ ನಿದ್ದೆ ಹತ್ತಲಿಲ್ಲ.

ಮಾತಾಡಲು ಹೋದರೆ ಗಂಟಲು ಕಟ್ಟುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಕಾಕಾ, ಚಿಗವ್ವ, ನೀವೂ ಓದಿ. ಇದು ಮನೆ ಮಂದಿಗೆಲ್ಲ ಗೊತ್ತಿರಬೇಕಾದ ಮಾತು.

ಅವರು ಹೇಳಿದ್ದು ತಪ್ಪು ತಂಗಿ. ಗೆತ್ಸೇಮನೆ ತೋಟ ನೆನಪು ಮಾಡಿಕೋ. ಶಿಲುಬೆಗೆ ಹಾಕುವ ಹಿಂದಿನ ರಾತ್ರಿ ಯೇಸು ಸ್ವಾಮಿ ನೆಲಕ್ಕೆ ಬಿದ್ದು, ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಅಂತ ಬೇಡಿಕೊಂಡರು. ಒಂದಲ್ಲ, ಮೂರು ಸಲ. ಪಾತ್ರೆ ತೊಲಗಲಿಲ್ಲ. ಹಾಗಾದರೆ ಯೇಸುವಿನ ವಿಶ್ವಾಸದಲ್ಲಿ ಕೊರತೆ ಇತ್ತಾ? ಇನ್ನೊಂದು ಕಡೆ, ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಬ್ಬ ತಂದೆ ಬರುತ್ತಾನೆ. ಮಗನಿಗೆ ಚಿಕ್ಕಂದಿನಿಂದ ಕಾಟ. ಬೆಂಕಿಗೂ ಬೀಳುತ್ತಾನೆ, ನೀರಿಗೂ ಬೀಳುತ್ತಾನೆ. ಆ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯ ಮಾಡು ಅಂತ ಕೂಗಿಕೊಳ್ಳುತ್ತಾನೆ. ಅರ್ಧ ನಂಬಿಕೆ, ಅರ್ಧ ಹೆದರಿಕೆ. ಮೊದಲು ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಅಂತ ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಮಗುವನ್ನು ಗುಣಪಡಿಸಿದರು.

ಈಗ ನಾನು ನಿನಗೆ ಇದುವರೆಗೂ ಹೇಳದ ಒಂದು ವಿಷಯ ಹೇಳುತ್ತೇನೆ.

ಹುಮನಾಬಾದ್ ಹತ್ತಿರದ ನಮ್ಮ ಹೊಲದಲ್ಲಿ ತೊಗರಿ ಬೆಳೆ ಹಾಳಾದ ಆ ವರ್ಷ ನಿನಗೆ ನೆನಪಿದೆ ಅಲ್ವಾ? ಕಾಯಿ ಕಟ್ಟುವ ಹೊತ್ತಿಗೆ ನೆಟೆ ರೋಗ ಬಡಿಯಿತು. ನಾಲ್ಕು ಎಕರೆ ನಿಂತಲ್ಲೇ ಒಣಗಿತು. ನನ್ನ ಬಂಗಾರ ಅಡವಿಟ್ಟು ಬಿತ್ತಿದ್ದೆವು. ಆ ವರ್ಷ ನಾನೊಂದು ವಹಿ ಇಟ್ಟಿದ್ದೆ. ಮಗನ ಹಳೆಯ ನೂರು ಪುಟದ ನೋಟ್‌ಬುಕ್. ಅದರಲ್ಲಿ ದಿನಾ ಬರೆಯುತ್ತಿದ್ದೆ. ಇವತ್ತು ಸತ್ಯವೇದ ಎಷ್ಟು ಅಧ್ಯಾಯ ಓದಿದೆ, ಎಷ್ಟು ಹೊತ್ತು ಮೊಣಕಾಲೂರಿದೆ, ಎಷ್ಟು ಉಪವಾಸ ಆಯಿತು, ಕಾಣಿಕೆ ಎಷ್ಟು ಹಾಕಿದೆ. ಪುಟ ತುಂಬಿದಷ್ಟೂ ಧೈರ್ಯ ಬರುತ್ತಿತ್ತು. ಬೆಳೆ ಹೋದಾಗ ಆ ವಹಿ ಹಿಡಿದುಕೊಂಡು ಹಿಂದಿನಿಂದ ಮುಂದಕ್ಕೆ ಹುಡುಕಿದೆ. ಎಲ್ಲಿ ತಪ್ಪಿದೆ ಅಂತ. ಸೆಪ್ಟೆಂಬರಿನಲ್ಲಿ ಒಂದು ಬುಧವಾರ ಖಾಲಿ ಇತ್ತು. ಮಗನಿಗೆ ಜ್ವರ ಅಂತ ಕೂಟಕ್ಕೆ ಹೋಗಿರಲಿಲ್ಲ. ಅದಕ್ಕೇ ಬೆಳೆ ಹೋಯಿತು ಅಂತ ನಿಜವಾಗಿಯೂ ನಂಬಿದೆ ತಂಗಿ. ಜ್ವರ ಬಂದ ಮಗುವಿನ ಮೇಲೆ ಸಿಟ್ಟು ಮಾಡಿಕೊಂಡೆ.

ಅಪ್ಪ ಆಗ ನಮ್ಮ ಮನೆಯಲ್ಲೇ ಇದ್ದರು. ಒಂದು ದಿನ ಆ ವಹಿ ಅವರ ಕೈಗೆ ಸಿಕ್ಕಿತು. ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವಿ, "ಇದು ಯಾವ ಸಾಹುಕಾರನ ಖಾತೆ?" ಅಂದರು. "ದೇವರದು ಅಪ್ಪಾ" ಅಂದೆ. ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಕೇಳಿದರು, "ನೀನು ನನಗೆ ಇಲ್ಲಿಯ ತನಕ ಎಷ್ಟು ರೊಟ್ಟಿ ಬಡಿದು ಹಾಕಿದ್ದೀ ಅಂತ ಎಲ್ಲಾದರೂ ಬರೆದಿಟ್ಟಿದ್ದೀಯಾ?"

ಅಷ್ಟೇ ಕೇಳಿದ್ದು. ಉಪದೇಶ ಮಾಡಲಿಲ್ಲ. ಎದ್ದು ಕಟ್ಟೆ ಮೇಲೆ ಹೋಗಿ ಕೂತರು. ನಾನು ಒಲೆ ಮುಂದೆ ಕೂತು ಅತ್ತೆ.

ಸತ್ಯವೇದದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದಲ್ಲಿ ಪೌಲನು ಇದನ್ನೇ ಹೇಳುತ್ತಾನೆ. ನಿಮಗೆ ಸಿಕ್ಕಿದ್ದು ಮತ್ತೆ ಹೆದರಿಸುವ ಆಳಿನ ಬದುಕಲ್ಲ, ಮಕ್ಕಳ ಬದುಕು, ಅದಕ್ಕೇ ಅಪ್ಪಾ ಅಂತ ಕೂಗುತ್ತೇವೆ ಅಂತ. ಮೂಲದಲ್ಲಿ ಆ ಮಾತು ಅಬ್ಬಾ. ಯೇಸು ಆಡುತ್ತಿದ್ದ ಅರಾಮಿಕ್ ಭಾಷೆಯದು. ನಮ್ಮ ಅಪ್ಪ ಅನ್ನುವ ಮಾತಿಗೆ ಎಷ್ಟು ಹತ್ತಿರ ನೋಡು! ಗೆತ್ಸೇಮನೆಯಲ್ಲಿ ಯೇಸು ಕರೆದದ್ದೂ ಅದೇ ಹೆಸರಿನಿಂದ. ಪಾತ್ರೆ ತೊಲಗದ ರಾತ್ರಿಯಲ್ಲೂ ಅಪ್ಪ ಅಪ್ಪನೇ ಆಗಿದ್ದ.

ಆಮೇಲೆ ತೊಗರಿ ಚಿಗುರಿತಾ ಅಂದರೆ ಇಲ್ಲ. ಬಂಗಾರ ಬಿಡಿಸಲು ಎರಡು ವರ್ಷ ಹಿಡಿಯಿತು. ಆದರೆ ರಾತ್ರಿ ಮೂರು ಗಂಟೆಗೆ ಎದೆ ಹೊಡೆದುಕೊಂಡು ಏಳುವುದು ನಿಂತಿತು. ಬ್ಯಾಂಕಿಗೆ ಹೋಗಿ, ಈ ಸಲ ಕಟ್ಟಲು ಆಗುವುದಿಲ್ಲ ಅಂತ ತಲೆ ಎತ್ತಿ ಹೇಳಿದೆ. ಕಾಕಾ ಹತ್ತಿರ ಕೈಗಡ ಕೇಳಿದೆ. ಅಲ್ಲಿಯ ತನಕ ಕಷ್ಟ ಹೇಳಿಕೊಂಡರೆ ನನ್ನ ವಿಶ್ವಾಸ ಕಡಿಮೆ ಅಂದುಕೊಳ್ಳುತ್ತಾರೆ ಅಂತ ಮುಚ್ಚಿಡುತ್ತಿದ್ದೆ. ಮಗನಿಗೆ ಜ್ವರ ಬಂದರೆ ಅದು ಬರೀ ಜ್ವರ, ಶಿಕ್ಷೆ ಅಲ್ಲ. ನಾನು ಬಿಡುಗಡೆ ಅನ್ನುವುದು ಇದಕ್ಕೆ ತಂಗಿ. ಸಾಲ ಇದ್ದಾಗಲೇ ಸಿಕ್ಕ ಬಿಡುಗಡೆ ಇದು.

ನಮ್ಮದು ಮೆಥೋಡಿಸ್ಟ್ ಸಭೆ. ಆ ಹೆಸರು ಹೇಗೆ ಬಂತು ಗೊತ್ತಾ? ಆಕ್ಸ್‌ಫರ್ಡಿನಲ್ಲಿ ನಮ್ಮ ಸಭೆಗೆ ಮೂಲಪುರುಷರಾದ ಜಾನ್ ವೆಸ್ಲಿ ಮತ್ತು ಅವರ ಗೆಳೆಯರು ಎಲ್ಲದಕ್ಕೂ ಒಂದು ಕ್ರಮ ಇಟ್ಟುಕೊಂಡಿದ್ದರು. ಬುಧವಾರ, ಶುಕ್ರವಾರ ಉಪವಾಸ. ಜೈಲಿಗೆ ಹೋಗಿ ಕೈದಿಗಳನ್ನು ನೋಡಿಕೊಳ್ಳುವುದು. ವೆಸ್ಲಿ ತಾಸು ತಾಸಿಗೂ ಡೈರಿಯಲ್ಲಿ ಗುರುತು ಹಾಕುತ್ತಿದ್ದರು. ನನ್ನ ವಹಿಗಿಂತ ದೊಡ್ಡ ವಹಿ! ಹೀಗೆ ಕ್ರಮ ಹಿಡಿದು ನಡೆಯುವವರು ಅಂತ ಜನ ಆಡಿಕೊಂಡ ಹೆಸರೇ ಮೆಥೋಡಿಸ್ಟ್. ಅಷ್ಟೆಲ್ಲ ಮಾಡಿದರೂ ಅವರಿಗೆ ಸಮಾಧಾನ ಇರಲಿಲ್ಲ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಿತು. ಹಾಯಿ ಹರಿಯಿತು, ನೀರು ಒಳಗೆ ನುಗ್ಗಿತು, ಜನ ಚೀರಿದರು. ಮೊರೇವಿಯನ್ ಅನ್ನುವ ಜರ್ಮನ್ ವಿಶ್ವಾಸಿಗಳು ಮಾತ್ರ ಹೆಂಗಸರು ಮಕ್ಕಳ ಸಮೇತ ಕೀರ್ತನೆ ಹಾಡುತ್ತಲೇ ಇದ್ದರು. ಸಾವಿಗೆ ಹೆದರುತ್ತಿದ್ದ ವೆಸ್ಲಿಗೆ ಅದು ನಾಟಿತು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಅವರು ಮನಸ್ಸಿಲ್ಲದ ಮನಸ್ಸಿನಿಂದ ಹೋದರು. ಮನಸ್ಸಿಲ್ಲದೆ ಹೋದರು ಅನ್ನುವುದನ್ನು ನೆನಪಿಡು. ಅಲ್ಲಿ ಯಾರೋ ರೋಮಾಪುರದವರ ಪತ್ರಿಕೆಗೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಕ್ರಿಸ್ತನನ್ನು ಮಾತ್ರ ನಂಬಿದರೆ ಸಾಕು ಅನ್ನುವುದು ಆಗ ಅವರ ಎದೆಗೆ ಇಳಿಯಿತು, ಎದೆ ಬೆಚ್ಚಗಾಯಿತು. ಆದರೆ ಅದೇ ರಾತ್ರಿ ಮನೆಗೆ ಬಂದ ಮೇಲೆ ಮನಸ್ಸು ಕದಡುವ ಶೋಧನೆಗಳು ಮತ್ತೆ ಮತ್ತೆ ಕಾಡಿದವು ಅಂತ ಅವರೇ ಬರೆದುಕೊಂಡಿದ್ದಾರೆ. ವೆಸ್ಲಿಗೇ ಹಾಗಾದರೆ ನಿನಗೆ ಆಗಬಾರದಾ?

ಗಲಾತ್ಯದವರ ಪತ್ರಿಕೆಯಲ್ಲಿ, ದಾಸತ್ವದ ನೊಗಕ್ಕೆ ಮತ್ತೆ ಸಿಕ್ಕಿಕೊಳ್ಳಬೇಡಿ ಅನ್ನುವ ಮಾತು ಬರುತ್ತದೆ. ನಾವು ಎತ್ತು ಕಟ್ಟಿದ ಮನೆಯವರು, ನಮಗೆ ಗೊತ್ತು. ಸಂಜೆ ನೊಗ ಇಳಿಸಿದ ಮೇಲೂ ಎತ್ತು ಸ್ವಲ್ಪ ಹೊತ್ತು ಕುತ್ತಿಗೆ ಬಗ್ಗಿಸಿಕೊಂಡೇ ನಿಲ್ಲುತ್ತದೆ. ನಾನೂ ಈಗಲೂ ಒಮ್ಮೊಮ್ಮೆ ಹಾಗೇ ನಿಲ್ಲುತ್ತೇನೆ.

ಹಾಗಾದರೆ ಉಪವಾಸ, ಪ್ರಾರ್ಥನೆ ಯಾಕೆ ಅಂತ ನೀನು ಕೇಳಬಹುದು. ಬೀದರಿಗೆ ಬಂದಾಗ ನೌಬಾದಿನ ಕರೇಜ್ ತೋರಿಸಿದ್ದೆ ನೋಡು. ಬಹಮನಿಯರ ಕಾಲದ್ದು. ನೆಲದೊಳಗಿನ ಕಾಲುವೆ. ಪಂಪ್ ಇಲ್ಲ, ಯಾರೂ ಎತ್ತಿ ಹಾಕುವುದಿಲ್ಲ, ಇಳಿಜಾರಿಗೆ ನೀರು ತಾನೇ ಬರುತ್ತದೆ. ಹೂಳು ತುಂಬಿದಾಗ ತೆಗೆಯಬೇಕು, ಅಷ್ಟೇ ಮನುಷ್ಯನ ಕೆಲಸ. ಹೂಳು ತೆಗೆದವನು ನೀರು ನನ್ನದು ಅನ್ನುವುದಿಲ್ಲ. ನಾನು ಈಗಲೂ ಶುಕ್ರವಾರ ಉಪವಾಸ ಇರುತ್ತೇನೆ. ಬರೆದಿಡುವುದಿಲ್ಲ.

ಇನ್ನು ಮುಖ್ಯವಾದ ಮಾತು. ದೇವರನ್ನು ನಂಬುವುದು ಅಂದರೆ ಸುಮ್ನೆ ಬಾಯಿ ಮುಚ್ಚಿಕೊಂಡು ಒಳಗೇ ಬೇಯುವುದಲ್ಲ. ಮನೆ ಬಾಡಿಗೆ ಎಷ್ಟು ತಿಂಗಳದ್ದು ಬಾಕಿ ಇದೆ ನನಗೆ ಹೇಳು. ಗುಂಪಿನಲ್ಲಿ ಬೇಡ, ಫೋನ್ ಮಾಡು. ಮಕ್ಕಳ ಫೀಸ್ ವಿಷಯ ಕಾಕಾ ನೋಡಿಕೊಳ್ಳುತ್ತಾರೆ, ಈಗಷ್ಟೇ ಅವರ ಹತ್ತಿರ ಮಾತಾಡಿದೆ. ನಿಮ್ಮ ಮನೆಯವರಿಗೂ ಹೇಳು, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಶನಿವಾರ ಸಂಜೆ ಬೀದರಿನಿಂದ ರೈಲು ಹತ್ತಿ ಕಲಬುರಗಿಗೆ ಬರುತ್ತೇನೆ. ಭಾನುವಾರ ಚರ್ಚಿಗೆ ನಡಿ ಅಂತ ಒತ್ತಾಯ ಮಾಡುವುದಿಲ್ಲ. ಬರುವ ಮನಸ್ಸಾದರೆ ಇಬ್ಬರೂ ಹೋಗೋಣ, ಹಿಂದಿನ ಬೆಂಚಿನಲ್ಲಿ ಕೂರೋಣ. ಮನಸ್ಸಾಗದಿದ್ದರೆ ನಿನ್ನ ಮನೆಯಲ್ಲೇ ಇರೋಣ. ಅಡುಗೆಗೆ ಏನೂ ಹಚ್ಚಿಕೊಳ್ಳಬೇಡ. ಪುಂಡಿ ಪಲ್ಯ ನಾನೇ ಮಾಡಿಕೊಂಡು ತರುತ್ತೇನೆ, ನೀನು ನಾಲ್ಕು ರೊಟ್ಟಿ ಬಡಿ ಸಾಕು.