ರೋಡ್ ಬೈಕ್ ತುಳಿದರೆ ಬೆರಳು ಜೋಮು, ಮೊಣಕಾಲು ನೋವು: ಮಾರಿಬಿಡಲೇ?

ಉಪನ್ಯಾಸಕಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ಹೈದರಾಬಾದಿನ ಪರಿಚಯದವರಿಂದ ಬಳಸಿದ ರೋಡ್ ಬೈಕ್ (ಬಾಗಿದ ಹ್ಯಾಂಡಲಿನ, ತೆಳು ಟೈರಿನ ಸೈಕಲ್) ಒಂದನ್ನು ಕೊಂಡೆ. ಅಲ್ಯೂಮಿನಿಯಂ ಫ್ರೇಮ್, ಕಾರ್ಬನ್ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ ಕವಲು), 25 ಮಿಲಿಮೀಟರ್ ಟೈರ್. ಫ್ರೇಮಿನ ಮೇಲೆ 50 ಎಂಬ ಅಳತೆ ಇದೆ. ನನ್ನ ಎತ್ತರ 160 ಸೆಂಟಿಮೀಟರ್, ತೂಕ 56 ಕಿಲೊ. ಬಿಸಿಲೇರುವ ಮೊದಲು ಸೇಡಂ ರಸ್ತೆ ಹಿಡಿದು ವಿಶ್ವವಿದ್ಯಾಲಯ, ಬುದ್ಧ ವಿಹಾರ ದಾಟಿ ವಿಮಾನ ನಿಲ್ದಾಣದ ಕಡೆ ಹೋಗಿ ಬರುತ್ತೇನೆ.

ಹತ್ತು ಕಿಲೊಮೀಟರ್ ಆಗುತ್ತಲೇ ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿಯುತ್ತವೆ. ಬಲಗೈಯಲ್ಲಿ ಹೆಚ್ಚು. ಕೆಲವು ದಿನ ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗಲೂ ಬೆರಳಿಗೆ ಪೂರ್ತಿ ಸ್ಪರ್ಶ ಮರಳಿರುವುದಿಲ್ಲ. ಮೊಣಕಾಲಿನ ಮುಂಭಾಗ, ಚಿಪ್ಪಿನ ಸುತ್ತ, ನೋವು. ಕತ್ತೂ ಹಿಡಿಯುತ್ತದೆ.

ಇಲ್ಲಿಯ ಒಂದು ಅಂಗಡಿಯಲ್ಲಿ ತೋರಿಸಿದೆ. ಹ್ಯಾಂಡಲ್ ದೂರವಾಗುತ್ತದೆ ಎಂದಾಗ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದರು, ಅದರ ಮೂತಿಯನ್ನು ಕೆಳಗೆ ಬಾಗಿಸಿದರು, ಕುಳಿತಲ್ಲಿಂದಲೇ ಕಾಲು ನೆಲ ಮುಟ್ಟಲಿ ಎಂದು ತಗ್ಗಿಸಿದರು. ಟೈರಿಗೆ 110 ಪಿಎಸ್‌ಐ ಹವಾ ತುಂಬಿ ಕಳಿಸಿದರು. ಅದಾದ ಮೇಲೆ ಕೈಯ ಜೋಮು ಇನ್ನೂ ಜಾಸ್ತಿಯಾಗಿದೆ.

ಈ ಸೈಕಲ್ಲಿನ ಓಟ ನನಗೆ ಬಹಳ ಇಷ್ಟ. ಆದರೂ ದಿನವೂ ನೋವು ತಿನ್ನುವುದಾದರೆ ಏನು ಪ್ರಯೋಜನ? ಮಾರಿ, ನೇರ ಹ್ಯಾಂಡಲ್ ಇರುವ ಹೈಬ್ರಿಡ್ ಕೊಳ್ಳುವುದೇ ಸರಿಯೇ? ತಿಳಿದವರು ಹೇಳಬೇಕು.

ಕೋಟೆ ಸವಾರ, ಬೀದರ್:

ಅಕ್ಕ, ದಯವಿಟ್ಟು ಮಾರಬೇಡಿ. ನಾನು ಭಾಲ್ಕಿ ರಸ್ತೆಯಲ್ಲಿ ಓಡಿಸುವವನು. ನನಗೂ ಮೊದಲು ಕೈ ಜೋಮು ಹಿಡಿಯುತ್ತಿತ್ತು. ಜೆಲ್ ತುಂಬಿದ ಕೈಗವಸು, ಹ್ಯಾಂಡಲಿಗೆ ಎರಡು ಸುತ್ತು ಟೇಪ್, ಸೀಟಿಗೆ ಜೆಲ್ ಕವರ್ ಹಾಕಿದರೆ ಅರ್ಧ ತೊಂದರೆ ಹೋಗುತ್ತದೆ. ಅದೂ ಸಾಲದಿದ್ದರೆ 60 ಮಿಲಿಮೀಟರಿನ ಗಿಡ್ಡ ಸ್ಟೆಮ್ (ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು) ತರಿಸಿ. ಹ್ಯಾಂಡಲ್ ತಾನಾಗಿಯೇ ಹತ್ತಿರ ಬರುತ್ತದೆ.

ನಿವೃತ್ತ ಫಿಟ್ಟರ್, ವಾಡಿ:

ತಂಗಿ, ಒಂದು ರೂಪಾಯಿ ಖರ್ಚು ಮಾಡುವ ಮೊದಲು ಇದನ್ನು ಓದಿ. ಬೀದರಿನ ತಮ್ಮ ಒಳ್ಳೆಯ ಮನಸ್ಸಿನಿಂದ ಹೇಳಿದ್ದಾನೆ, ಆದರೆ ಕ್ರಮ ತಲೆಕೆಳಗಾಗಿದೆ. ನಿಮ್ಮ ಕೈ ನೋಯುತ್ತಿರುವುದು ಸೀಟಿನಿಂದ. ಹ್ಯಾಂಡಲಿಗೆ ಆಮೇಲೆ ಬರೋಣ.

ಸಿಮೆಂಟ್ ಕಾರ್ಖಾನೆಯಲ್ಲಿ ಯಂತ್ರ ಕೂರಿಸುವುದೇ ನನ್ನ ಕೆಲಸವಾಗಿತ್ತು. ಯಂತ್ರ ನಡುಗಿದರೆ ಮೊದಲು ತಳಪಾಯ ನೋಡುತ್ತೇವೆ. ಸೈಕಲ್ಲಿನಲ್ಲಿ ತಳಪಾಯವೆಂದರೆ ಪೆಡಲಿಗೂ ಸೀಟಿಗೂ ಇರುವ ಅಂತರ. ಅದನ್ನು ನಿಮ್ಮ ಕಾಲು ನಿರ್ಧರಿಸಬೇಕು, ಬೇರೆ ಯಾವುದೂ ಅಲ್ಲ. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದೆ ಎಳೆಯುವುದು ಎಲ್ಲ ಅಂಗಡಿಗಳಲ್ಲೂ ಕಾಣುವ ಚಾಳಿ. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯಾಕೆಂದು ನೀವೇ ಪರೀಕ್ಷೆ ಮಾಡಿ. ಗೋಡೆಗೆ ಹಿಮ್ಮಡಿ, ಸೊಂಟ, ಬೆನ್ನು ತಾಗಿಸಿ ನಿಂತು, ಕಾಲ್ಬೆರಳು ಮುಟ್ಟಲು ಬಾಗಿ. ಮುಗ್ಗರಿಸುತ್ತೀರಿ. ಗೋಡೆ ಬಿಟ್ಟು ಈಚೆ ಬಂದು ಬಾಗಿದರೆ ಸೊಂಟ ತಾನಾಗಿ ಹಿಂದಕ್ಕೆ ಹೋಗುತ್ತದೆ, ದೇಹ ಪಾದಗಳ ಮೇಲೆಯೇ ನಿಲ್ಲುತ್ತದೆ. ಸೀಟನ್ನು ಪೂರ್ತಿ ಮುಂದೆ ಎಳೆದದ್ದರಿಂದ ನಿಮ್ಮ ಸೊಂಟಕ್ಕೆ ಹಿಂದೆ ಹೋಗಲು ಜಾಗವಿಲ್ಲ. ಮೇಲುಡಲಿನ ಭಾರವೆಲ್ಲ ಅಂಗೈ ಮೇಲೆ ಬಿತ್ತು. ಮೂತಿ ಕೆಳಗೆ ಬಾಗಿರುವುದರಿಂದ ಪ್ರತಿ ತುಳಿತಕ್ಕೂ ಮುಂದಕ್ಕೆ ಜಾರುತ್ತೀರಿ, ಕೈ ಒತ್ತಿ ಹಿಂದೆ ಸರಿಯುತ್ತೀರಿ. ಬೆರಳು ಜೋಮು ಹಿಡಿಯದೆ ಏನು ಮಾಡೀತು?

ಮೊದಲು ಸೀಟಿನ ಎತ್ತರ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಇಟ್ಟು, ಸೀಟಿನ ಮೇಲೆ ಕುಳಿತಷ್ಟೇ ಒತ್ತಡ ಬರುವಂತೆ ಮೇಲಕ್ಕೆ ಒತ್ತಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆಯಿರಿ. ಆ ಅಳತೆಯನ್ನು 0.883ರಿಂದ ಗುಣಿಸಿದರೆ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ತಿರುಗುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗಿನ ಎತ್ತರ ಸಿಗುತ್ತದೆ. ಇದು ಫ್ರಾನ್ಸಿನ ತರಬೇತುದಾರ ಸಿರಿಲ್ ಗಿಮಾರ್ ಬಳಸುತ್ತಿದ್ದ ಲೆಕ್ಕ. 1986, 1989 ಮತ್ತು 1990ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದ ಗ್ರೆಗ್ ಲೆಮಾಂಡ್ ಅದನ್ನು ಜಗತ್ತಿಗೆ ಪರಿಚಯಿಸಿದರು. ನಿಮ್ಮ ಎತ್ತರಕ್ಕೆ ಕಾಲಿನ ಅಳತೆ 74 ಸೆಂಟಿಮೀಟರಿನ ಆಸುಪಾಸು ಇರಬಹುದು. ಹಾಗಿದ್ದರೆ ಸೀಟು 65ರ ಹತ್ತಿರ ಬರಬೇಕು. ಈಗ ಎಷ್ಟಿದೆ ಎಂದು ಅಳೆದು ನೋಡಿ, ಕಾಲು ನೆಲ ಮುಟ್ಟುವಂತೆ ಇಟ್ಟಿದ್ದರೆ ಖಂಡಿತ ಬಹಳ ಕೆಳಗಿದೆ. ಮೊಣಕಾಲಿನ ಮುಂಭಾಗ ನೋಯುವುದಕ್ಕೆ ಅದೇ ಕಾರಣ. ಸೀಟು ತಗ್ಗಿದಷ್ಟೂ ಮೊಣಕಾಲು ಹೆಚ್ಚು ಮಡಚಿಕೊಂಡೇ ಭಾರ ತಳ್ಳಬೇಕು, ಚಿಪ್ಪಿನ ಮೇಲೆ ಒತ್ತಡ ಏರುತ್ತದೆ.

ಲೆಕ್ಕ ಆರಂಭಕ್ಕೆ ಮಾತ್ರ. ಆಮೇಲೆ ಸೀಟಿನ ಮೇಲೆ ಕುಳಿತು ಪೆಡಲನ್ನು ಪೂರ್ತಿ ಕೆಳಗೆ ಬಿಟ್ಟು ಅದರ ಮೇಲೆ ಹಿಮ್ಮಡಿ ಇಡಿ, ಕಾಲು ನೇರವಾಗಬೇಕು. ಪಾದದ ಮುಂಭಾಗ ಇಟ್ಟು ತುಳಿಯುವಾಗ ಮೊಣಕಾಲು ಸ್ವಲ್ಪ ಬಾಗಿಯೇ ಇರಬೇಕು. ಹಿಂದಿನಿಂದ ಯಾರಾದರೂ ನೋಡಿದಾಗ ಸೊಂಟ ಎಡಬಲ ಹೊರಳುತ್ತಿದ್ದರೆ, ಅಥವಾ ಮೊಣಕಾಲಿನ ಹಿಂಭಾಗ ನೋಯತೊಡಗಿದರೆ, ಎತ್ತರ ಹೆಚ್ಚಾಗಿದೆ ಎಂದರ್ಥ. ಒಂದೇ ದಿನ ಮೂರು ಸೆಂಟಿಮೀಟರ್ ಏರಿಸಬೇಡಿ. 5 ಮಿಲಿಮೀಟರ್ ಏರಿಸಿ, ಕೆಲವು ದಿನ ಓಡಿಸಿ, ಮತ್ತೆ ಏರಿಸಿ. ಸೀಟ್‌ಪೋಸ್ಟಿನ ಮೇಲೆ ಕೊರೆದಿರುವ ಮಿತಿಯ ಗೆರೆ ಹೊರಗೆ ಕಾಣಬಾರದು. ಪ್ರತಿ ಸಲ ಹಳೆಯ ಮಟ್ಟಕ್ಕೆ ಇನ್ಸುಲೇಶನ್ ಟೇಪ್ ಸುತ್ತಿ ಗುರುತು ಮಾಡಿ.

ಸೀಟಿನ ಮೇಲೆ ಕುಳಿತೇ ಕಾಲು ನೆಲಕ್ಕೆ ಊರಬೇಕೆಂಬ ಹಟವನ್ನು ಬಿಡಬೇಕಾಗುತ್ತದೆ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಇಳಿದು, ಮೇಲಿನ ಪೈಪನ್ನು ಎರಡು ಕಾಲ ನಡುವೆ ಇಟ್ಟುಕೊಂಡು ನಿಲ್ಲಬೇಕು. ಇದನ್ನು ಜಗತ್ ವೃತ್ತದ ಗದ್ದಲದಲ್ಲಿ ಕಲಿಯಬೇಡಿ, ಬೆಳಗ್ಗೆ ಎನ್.ವಿ. ಮೈದಾನಕ್ಕೆ ಒಯ್ದು ಹತ್ತಿ ಇಳಿಯುವುದನ್ನು ರೂಢಿಸಿಕೊಳ್ಳಿ.

ಎತ್ತರ ಕುದುರಿದ ಮೇಲೆಯೇ ಹಿಂದೆ ಮುಂದೆ ಸರಿಸುವ ಮಾತು. ಸೀಟಿನ ಪೈಪ್ ಹಿಂದಕ್ಕೆ ವಾಲಿರುವುದರಿಂದ ಮೂರು ಸೆಂಟಿಮೀಟರ್ ಏರಿಸಿದರೆ ಸೀಟು ಸುಮಾರು 9 ಮಿಲಿಮೀಟರ್ ತಾನಾಗಿಯೇ ಹಿಂದೆ ಹೋಗಿರುತ್ತದೆ. ಸೈಕಲ್ಲನ್ನು ಫರಸಿ ನೆಲದ ಮೇಲೆ ಗೋಡೆಗೆ ಆನಿಸಿ, ಪೆಡಲುಗಳನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ. ಗೌಂಡಿಯವರು ಗೋಡೆಯ ನೇರ ನೋಡಲು ಬಿಡುವ ಗುಂಡು ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ದಾರಕ್ಕೆ ಒಂದು ನಟ್ಟು ಕಟ್ಟಿ. ಮುಂದಿನ ಕಾಲಿನ ಚಿಪ್ಪಿನ ಕೆಳಗೆ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ ದಾರ ಇಳಿಬಿಡಿ. ಅದು ಪೆಡಲಿನ ಅಚ್ಚಿನ ಮೇಲೆ, ಇಲ್ಲವೇ ತುಸು ಹಿಂದೆ ಬೀಳಬೇಕು. ಇದನ್ನು ಎಲ್ಲರೂ ಒಪ್ಪುವ ಶಾಸ್ತ್ರವೆಂದು ಹೇಳಲಾರೆ, ಆದರೆ ಮನೆಯಲ್ಲೇ ನೋಡಲು ಇಷ್ಟು ಸುಲಭದ ಗುರುತು ಇನ್ನೊಂದಿಲ್ಲ. ಹಿಂದೆ ಸರಿಸಿದಾಗ ಪೆಡಲಿನಿಂದ ಸೀಟಿನ ದೂರವೂ ಬೆಳೆಯುತ್ತದೆ: 15 ಮಿಲಿಮೀಟರಿಗೆ ಸುಮಾರು 4. ಎತ್ತರವನ್ನು ಮತ್ತೊಮ್ಮೆ ಅಳೆಯಿರಿ. ಮೂತಿಯನ್ನು ರಸಮಟ್ಟ ಇಟ್ಟು ಸಮ ಮಾಡಿ. ಮೊಬೈಲಿನಲ್ಲಿರುವ ಮಟ್ಟವೂ ನಡೆಯುತ್ತದೆ.

ಈಗ ಹ್ಯಾಂಡಲ್ ಇನ್ನೂ ದೂರವೆನಿಸುತ್ತದೆ, ಗಾಬರಿಯಾಗಬೇಡಿ. ಸ್ಟೆಮ್ಮಿನ ಮೇಲೆ ಉಂಗುರಗಳು ಕುಳಿತಿವೆಯೇ ನೋಡಿ. ಇದ್ದರೆ ಅವನ್ನು ಕೆಳಗೆ ಹಾಕಿ ಹ್ಯಾಂಡಲನ್ನು ಮೇಲೆತ್ತಬಹುದು. ಪಕ್ಕದ ಎರಡು ಬೋಲ್ಟ್ ಸಡಿಲಿಸಿ, ಮೇಲಿನ ಮುಚ್ಚಳ ತೆಗೆದು, ಜೋಡಣೆ ಬದಲಿಸಿ. ಮರಳಿ ಕೂರಿಸುವಾಗ ಮೊದಲು ಮುಚ್ಚಳ, ಆಮೇಲೆ ಪಕ್ಕದ ಬೋಲ್ಟ್. ಮುಚ್ಚಳದ ಕೆಲಸ ಬೇರಿಂಗಿನ ಆಟ ತೆಗೆಯುವುದಷ್ಟೇ, ಹ್ಯಾಂಡಲನ್ನು ಹಿಡಿದಿಡುವುದು ಪಕ್ಕದ ಬೋಲ್ಟುಗಳು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಟಕ್ ಎಂಬ ಸದ್ದು ನಿಲ್ಲುವಷ್ಟು ಮಾತ್ರ ಮುಚ್ಚಳ ಬಿಗಿಸಿ. ಹ್ಯಾಂಡಲನ್ನು ಚಕ್ರಕ್ಕೆ ನೇರ ಮಾಡಿ, ಬೋಲ್ಟುಗಳನ್ನು ಸ್ಟೆಮ್ಮಿನ ಮೇಲೆ ಬರೆದಷ್ಟೇ ಬಿಗಿಸಿ, ಹೆಚ್ಚಾಗಿ 5 ನ್ಯೂಟನ್ ಮೀಟರ್ ಎಂದಿರುತ್ತದೆ. ನಿಮ್ಮದು ಕಾರ್ಬನ್ ಫೋರ್ಕ್. ಸ್ಟೆಮ್ಮಿನ ಒಳಗೆ ಬರುವ ಅದರ ಕೊಳವೆಯೂ ಕಾರ್ಬನ್ ಆಗಿದ್ದರೆ ಅಂದಾಜಿನ ಕೈಬಿಗಿತ ಖಂಡಿತ ಬೇಡ, ಸೀಳು ಬಿಟ್ಟರೆ ಪ್ರಾಣಕ್ಕೆ ಅಪಾಯ.

ಇಷ್ಟಾದ ಮೇಲೂ ದೂರವೆನಿಸಿದರೆ ಗಿಡ್ಡ ಸ್ಟೆಮ್ ಕೊಳ್ಳಿ, ಈಗಿರುವುದಕ್ಕಿಂತ 20 ಮಿಲಿಮೀಟರ್ ಮಾತ್ರ ಕಡಿಮೆ. ಒಮ್ಮೆಲೇ 60ಕ್ಕೆ ಇಳಿಸಿದರೆ ಸೈಕಲ್ ತಿರುವಿನಲ್ಲಿ ಚಂಚಲವಾಗುತ್ತದೆ.

ಟೈರ್ ಮರೆಯಬೇಡಿ. 56 ಕಿಲೊ ತೂಕಕ್ಕೆ 110 ಪಿಎಸ್‌ಐ ಅನ್ಯಾಯ. ನಮ್ಮ ರಸ್ತೆಯ ಒಂದೊಂದು ಕಲ್ಲೂ ನೇರ ಮಣಿಕಟ್ಟಿಗೆ ಬರುತ್ತದೆ. ಮುಂದೆ 65, ಹಿಂದೆ 70 ಸಾಕು. ಟೈರಿನ ಪಕ್ಕದಲ್ಲಿ ಬರೆದ ಕನಿಷ್ಠ ಮಿತಿಗಿಂತ ಕೆಳಗೆ ಹೋಗಬೇಡಿ. ಫ್ರೇಮಿನಲ್ಲಿ ಜಾಗವಿದ್ದರೆ ಈ ಟೈರ್ ಸವೆದ ಮೇಲೆ 28 ಮಿಲಿಮೀಟರಿನದು ಹಾಕಿಸಿ.

50ರ ಫ್ರೇಮ್ ನಿಮ್ಮ ಎತ್ತರಕ್ಕೆ ಹೊಂದುವಂಥದ್ದೇ. ಮಾರುವ ಮಾತು ಬಿಡಿ.

ಫಿಸಿಯೊ, ಯಾದಗಿರಿ:

ಕಾಕಾ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಒತ್ತಡ ಬೀಳುತ್ತಿರುವುದು ಅಲ್ನಾರ್ ನರದ ಮೇಲೆ. ಅದು ಮಣಿಕಟ್ಟಿನ ಹೊರ ಅಂಚಿನಲ್ಲಿ, ಕಿರುಬೆರಳಿನ ಕಡೆ, ಅಂಗೈಗೆ ಇಳಿಯುತ್ತದೆ. ಹೆಬ್ಬೆರಳು, ತೋರು ಬೆರಳು, ನಡು ಬೆರಳು ಜೋಮು ಹಿಡಿದಿದ್ದರೆ ಅದು ಬೇರೆ ನರ. ಆದ್ದರಿಂದ ಬ್ರೇಕಿನ ಹುಡ್ (ಬ್ರೇಕ್ ಹಿಡಿಕೆಯ ಮೇಲಿನ ರಬ್ಬರ್ ಹೊದಿಕೆಯ ಭಾಗ) ಹಿಡಿಯುವಾಗ ಅಂಗೈಯ ಹೊರ ಅಂಚು ಊರದಂತೆ ನೋಡಿಕೊಳ್ಳಿ. ಮಣಿಕಟ್ಟು ಹಿಂದಕ್ಕೆ ಮಡಚದೆ ಮುಂಗೈಯ ಸಾಲಿನಲ್ಲೇ ಇರಲಿ, ಮೊಣಕೈ ಸ್ವಲ್ಪ ಬಾಗಿರಲಿ. ಕೆಲವು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಿ: ಹುಡ್ ಮೇಲೆ, ಮೇಲಿನ ನೇರ ಭಾಗದ ಮೇಲೆ, ಮತ್ತೆ ಹುಡ್. ನಿಮ್ಮ ಹೈಬ್ರಿಡ್ ಯೋಚನೆಗೂ ಇದೇ ಉತ್ತರ. ನೇರ ಹ್ಯಾಂಡಲಿನಲ್ಲಿ ಕೈ ಇಡಲು ಒಂದೇ ಜಾಗ.

ಸೈಕಲ್ ಇಳಿದು ಗಂಟೆಗಳಾದರೂ ಸ್ಪರ್ಶ ಮರಳುವುದಿಲ್ಲ ಎಂದಿದ್ದೀರಿ. ಜೋಮು ಹೋಗುವವರೆಗೆ ದೂರದ ಓಟ ನಿಲ್ಲಿಸಿ. ಬೆರಳುಗಳನ್ನು ಅಗಲಿಸುವಾಗ ಬಲ ಕುಂದಿದ್ದರೆ, ಕಾಗದವನ್ನು ಬೆರಳ ನಡುವೆ ಹಿಡಿದಿಡಲು ಆಗದಿದ್ದರೆ, ಹೊಂದಾಣಿಕೆಯ ಪ್ರಯೋಗ ಬದಿಗಿಟ್ಟು ವೈದ್ಯರನ್ನು ಕಾಣಿ.

ಉಪನ್ಯಾಸಕಿ, ಕಲಬುರಗಿ:

ಕಾಕಾ ಅವರಿಗೂ ಫಿಸಿಯೊ ಅವರಿಗೂ ಹೇಗೆ ಕೃತಜ್ಞತೆ ಹೇಳಲಿ! ಕಾಗದ ಹಿಡಿಯುವ ಪರೀಕ್ಷೆ ಮಾಡಿದೆ, ಬಲ ಸರಿಯಾಗಿದೆ. ಕಾಲಿನ ಅಳತೆ ನೀವು ಊಹಿಸಿದಂತೆ 74 ಇತ್ತು, ಸೀಟು 62ರಲ್ಲಿತ್ತು. ಸ್ವಲ್ಪ ಸ್ವಲ್ಪವೇ ಏರಿಸಿ 65ಕ್ಕೆ ತಂದಾಗ ನನ್ನ ತಮ್ಮ ಹಿಂದಿನಿಂದ ನೋಡಿ ಸೊಂಟ ಹೊರಳುತ್ತಿದೆ ಎಂದ, 64.5ಕ್ಕೆ ಇಳಿಸಿ ನಿಲ್ಲಿಸಿದ್ದೇನೆ. ಮೊಣಕಾಲು ನೋವು ಹೋಗಿಯೇ ಬಿಟ್ಟಿತು. ಸೀಟು ಹಿಂದೆ ಸರಿದು ಮೂತಿ ಸಮವಾದ ದಿನ ಕೈ ಎಷ್ಟು ಹಗುರವಾಯಿತೆಂದರೆ ವಿಮಾನ ನಿಲ್ದಾಣದ ತಿರುವು ದಾಟಿ ಮುಂದಕ್ಕೆ ಹೋಗಿಬಿಟ್ಟೆ. ಸ್ಟೆಮ್ ಮೇಲೆ ಎರಡು ಉಂಗುರಗಳಿವೆ. ಅದನ್ನು ಮುಟ್ಟಲು ಮಾತ್ರ ಧೈರ್ಯ ಸಾಲುತ್ತಿಲ್ಲ, ಕತ್ತು ಇನ್ನೂ ಹಿಡಿಯುತ್ತದೆ.

ಈಗ ಹೊಸ ತೊಂದರೆ. ಭಾರ ಸೀಟಿನ ಮೇಲೆ ಬಂದ ಮೇಲೆ ಕೂರುವ ಕಡೆ ನಡುಭಾಗದಲ್ಲಿ ಒತ್ತುತ್ತದೆ. ಜೆಲ್ ಕವರ್ ಹಾಕಲೇ?

ಕೋಟೆ ಸವಾರ, ಬೀದರ್:

ಅಕ್ಕ, ಕಾಕಾ ಅವರ ಮಾತಿನಂತೆ ನಾನೂ ನನ್ನ ಸೀಟಿನ ಮೂತಿ ನೋಡಿದೆ, ಮುಂದಕ್ಕೆ ವಾಲಿತ್ತು! ಸಮ ಮಾಡಿದ್ದೇನೆ. ಕವರ್ ವಿಷಯ ಕಾಕಾ ಅವರೇ ಹೇಳಲಿ.

ನಿವೃತ್ತ ಫಿಟ್ಟರ್, ವಾಡಿ:

ಬಹಳ ಸಂತೋಷ, ತಂಗಿ. ಕವರ್ ಬೇಡ. ಮೆತ್ತಗಿನ ಕವರಿನಲ್ಲಿ ಕೂರುವ ಎಲುಬುಗಳು ಕೆಳಗೆ ಇಳಿಯುತ್ತವೆ, ನಡುವಿನ ಜೆಲ್ ಉಬ್ಬಿ ಎಲ್ಲಿ ಒತ್ತಬಾರದೋ ಅಲ್ಲೇ ಒತ್ತುತ್ತದೆ. ಸೀಟಿನ ಅಗಲ ನಿಮಗೆ ಸಾಲುತ್ತಿಲ್ಲ ಎಂದು ನನ್ನ ಅನುಮಾನ. ಪಾರ್ಸೆಲ್ ಡಬ್ಬಿಯ ಪದರ ಪದರದ ರಟ್ಟನ್ನು ಗಟ್ಟಿ ಕಟ್ಟೆಯ ಮೇಲೆ ಹಾಕಿ, ಸೈಕಲ್ ಮೇಲೆ ಬಾಗುವಂತೆ ಮುಂದೆ ಬಾಗಿ ಅದರ ಮೇಲೆ ಕುಳಿತು ಏಳಿ. ಎರಡು ತಗ್ಗು ಮೂಡುತ್ತವೆ. ಅವುಗಳ ನಡುಬಿಂದುಗಳ ದೂರಕ್ಕೆ 20ರಿಂದ 25 ಮಿಲಿಮೀಟರ್ ಸೇರಿಸಿದರೆ ನಿಮಗೆ ಬೇಕಾದ ಅಗಲ ಸಿಗುತ್ತದೆ. ಈಗಿನ ಸೀಟನ್ನೂ ಅಡ್ಡಲಾಗಿ ಅಳೆದು ಹೋಲಿಸಿ. ಹೆಂಗಸರಿಗೆ ಸಾಮಾನ್ಯವಾಗಿ ತುಸು ಅಗಲದ ಸೀಟು ಹೊಂದುತ್ತದೆ, ನಡುವೆ ಕೊರೆದು ಖಾಲಿ ಬಿಟ್ಟದ್ದಾದರೆ ಇನ್ನೂ ಒಳ್ಳೆಯದು. ಪ್ಯಾಡ್ ಇರುವ ಸೈಕಲ್ ಚಡ್ಡಿ ಧರಿಸುತ್ತಿದ್ದರೆ ಒಳಗೆ ಬೇರೆ ಒಳಉಡುಪು ಹಾಕಬಾರದು, ಅದರ ಹೊಲಿಗೆಯೇ ಉಜ್ಜುತ್ತದೆ.

ಹೊಸ ಸೀಟಿನ ದಪ್ಪ ಬೇರೆ ಇರುತ್ತದೆ, ಮತ್ತೆ ಅಳೆದು 64.5ಕ್ಕೇ ತನ್ನಿ. ಸ್ಟೆಮ್ಮನ್ನು ನೀವು ಮುಟ್ಟುವುದು ಬೇಡ. ಈ ಭಾನುವಾರ ಮಗಳ ಮನೆಗೆಂದು ಕಲಬುರಗಿಗೆ ಬರುವವನಿದ್ದೇನೆ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಜೊತೆಗೇ ತರುತ್ತೇನೆ. ನಿಮ್ಮ ತಮ್ಮನೂ ಇರಲಿ, ಒಮ್ಮೆ ಕಣ್ಣಾರೆ ನೋಡಿದರೆ ಮುಂದೆ ಅವನೇ ಮಾಡಬಲ್ಲ.