‘ಏರ್ ಡಿಸ್ಟೆನ್ಸ್’ಗೆ ಏನನ್ನೋಣ?

ವಿಮಾನ ನಿಲ್ದಾಣಗಳ ನಡುವಿನ ದೂರದ ಒಂದು ಪಟ್ಟಿಯನ್ನು ಕನ್ನಡಕ್ಕೆ ತರುತ್ತಿದ್ದೆ. ಹುಬ್ಬಳ್ಳಿ–ಮಂಗಳೂರು ಸಾಲಿಗೆ ಬಂದು ನಿಂತುಬಿಟ್ಟೆ. ನಕಾಶೆ ಮೇಲೆ ಗೆರೆ ಎಳೆದರೆ ಸುಮಾರು 266 ಕಿ.ಮೀ. ಅಂಕೋಲಾ ಮೇಲೆ ಕಾರಲ್ಲಿ ಹೋದರೆ 350 ದಾಟುತ್ತದೆ. ಬೆಂಗಳೂರಲ್ಲಿ ಇಳಿದು ಇನ್ನೊಂದು ವಿಮಾನ ಹತ್ತಿದರೆ ಆಕಾಶದಲ್ಲೇ 675ರ ಹತ್ತಿರ. ಇಷ್ಟಕ್ಕೂ ‘ದೂರ’ ಅಂತಲೇ ಬರೆದರೆ ಓದುವವರಿಗೆ ತಲೆ ಕೆಡುತ್ತದೆ, ಅಲ್ವಾ?

‘ವೈಮಾನಿಕ ದೂರ’ ಅಂತ ಬರೆಯಬಹುದು. ಆದರೆ ಅದು ನಕಾಶೆಯ ಗೆರೆಯೋ, ವಿಮಾನ ನಿಜವಾಗಿ ಹಾರಿದ ದಾರಿಯೋ? ಇವೆರಡೂ ಒಂದೇ ಅಲ್ಲ. ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಆಮೇಲೆ ತಿರುಗುತ್ತದೆ, ಇಳಿಯಲು ಜಾಗ ಸಿಗದಿದ್ದರೆ ಮೇಲೆಯೇ ಸುತ್ತು ಹೊಡೆಯುತ್ತದೆ. ‘ನೇರ ದೂರ’ ಅನ್ನೋಣ ಅಂದರೆ, ‘ನೇರ ವಿಮಾನ’ಕ್ಕೆ ನಡುವೆ ಎಲ್ಲೂ ಇಳಿಯದ್ದು ಅಂತ ಬೇರೆ ಅರ್ಥ ಇದೆ.

ಹಳೆಯ ಮಾತುಗಳಲ್ಲಿ ಹುಡುಕಿದೆ. ‘ಹರದಾರಿ’ ಸುಮಾರು ಮೂರು ಮೈಲಿ. ಆದರೆ ಅದರ ಕೊನೆಯಲ್ಲೇ ‘ದಾರಿ’ ಕೂತಿದೆ, ನಡೆಯುವವರ ಲೆಕ್ಕ ಅದು. ‘ಕೂಗಳತೆ’ ನೋಡಿ, ಅದು ಬೇರೆ ಥರ. ಕೂಗಿಗೆ ರಸ್ತೆ ಬೇಕಿಲ್ಲ. ನಡುವೆ ಹೊಳೆ ಇರಲಿ, ಗದ್ದೆ ಇರಲಿ, ಸೀದಾ ಹೋಗಿ ಆಚೆ ಮನೆಯವರ ಕಿವಿಗೆ ಬೀಳುತ್ತದೆ. ಸೇತುವೆ ಬಳಸಿ ಹೋಗಲು ಅರ್ಧ ಗಂಟೆ ಹಿಡಿಯುವ ಮನೆಯೂ ಕೂಗಳತೆಯಲ್ಲೇ ಇರಬಹುದು. ಗೆರೆ ಎಳೆದಂಥ ದೂರಕ್ಕೆ ನಮ್ಮಲ್ಲಿ ಮೊದಲೇ ಒಂದು ಅಳತೆ ಇತ್ತು ಅಂತ ಖುಷಿಯಾಯಿತು. ಏನು ಮಾಡೋದು, 266 ಕಿಲೋಮೀಟರಿಗೆ ಕೂಗಲು ಆಗಲ್ಲ.

ನನಗೆ ತೋಚಿದ್ದು ಹೀಗೆ: ಗೆರೆಯ ಅಳತೆಗೆ ‘ನೆಟ್ಟದೂರ’, ವಿಮಾನ ಹಾರಿದ್ದಕ್ಕೆ ‘ಹಾರುದಾರಿ’. ಕಲ್ಲಿದ್ದಲು ಉರಿಸುವ ಕಡೆ ‘ಹಾರುಬೂದಿ’ ಎನ್ನುತ್ತಾರಲ್ಲ, ಅದೇ ಜಾಡು. ‘ನೆಟ್ಟಗೆ’ ಅನ್ನೋದು ಬಾಯಲ್ಲಿರುವ ಮಾತು, ಆದರೆ ‘ನೆಟ್ಟದೂರ’ ಅಂದಾಗ ಗಿಡ ನೆಟ್ಟ ಹಾಗೆ ಕೇಳುತ್ತದೇನೋ ಅಂತ ಅನುಮಾನ.

ಹೊತ್ತಿನದ್ದು ಇನ್ನೊಂದು ತಕರಾರು. ಮಂಗಳೂರಿಂದ ಬೆಂಗಳೂರಿಗೆ ಗೆರೆಯ ಲೆಕ್ಕದಲ್ಲಿ 306 ಕಿ.ಮೀ. ಟಿಕೆಟ್‌ನಲ್ಲಿ ಒಂದು ಗಂಟೆಯ ಆಸುಪಾಸು ಇರುತ್ತದೆ. ಅಷ್ಟೂ ಹೊತ್ತು ಹಾರಲ್ಲ. ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಆ ಊರಲ್ಲಿ ಹೋಗಿ ನಿಲ್ಲುವವರೆಗಿನ ಲೆಕ್ಕ ಅದು. ಲಾರಿ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ಆ ಥರ ವಿಮಾನದ ಗಾಲಿಗೂ ‘ಬ್ಲಾಕ್’ ಅನ್ನುವ ಅಡ್ಡ ಇಡುತ್ತಾರೆ. ಅದರಿಂದಲೇ ಈ ಅವಧಿಯನ್ನು ‘ಬ್ಲಾಕ್ ಟೈಮ್’ ಅನ್ನುತ್ತಾರೆ. ಇದನ್ನು ‘ಹಾರಾಟದ ಸಮಯ’ ಅಂತ ಬರೆದರೆ ತಪ್ಪಾಗುತ್ತದೆ. ‘ಪ್ರಯಾಣದ ಅವಧಿ’ ಅಂದರೆ ಮನೆಯಿಂದ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಹೋಗಿ ಸಾಲಲ್ಲಿ ನಿಂತದ್ದೂ ಸೇರಿಕೊಳ್ಳುತ್ತದೆ.

ಅಮ್ಮನನ್ನು ಕೇಳಿದೆ. ‘ಒಂದು ಗಂಟೆ ದಾರಿ ಅಂತ ಬರಿ, ಸಾಕು’ ಅಂದಳು. ದೂರ, ಹೊತ್ತು ಎರಡೂ ಒಂದೇ ಮಾತಲ್ಲಿ ಮುಗಿಯಿತು. ಆದರೆ ನನ್ನ ಪಟ್ಟಿಯಲ್ಲಿ ಅವಕ್ಕೆ ಬೇರೆ ಬೇರೆ ಕಾಲಂ ಇದೆ.

ನಿಮ್ಮ ಕಡೆ ಗುಡ್ಡದಾಚೆಯ ಊರನ್ನು ತೋರಿಸಿ ‘ನೆಟ್ಟಗೆ ಇಷ್ಟು, ಬಳಸಿ ಇಷ್ಟು’ ಅಂತ ಹೇಳಲು ಬೇರೆ ಮಾತು ಇದೆಯೇ? ಇದ್ದರೆ ಊರಿನ ಹೆಸರಿನ ಸಮೇತ ತಿಳಿಸಿ.