ಪಾಠದ ರೆಕಾರ್ಡಿಂಗ್‌ಗೆ ಅಡ್ಡ ಬರೋ ಫ್ಯಾನ್ ಸದ್ದು: ಕಂಪ್ಯೂಟರಿಗೆ ಯಾವ ಏರ್ ಕೂಲರ್ ಹಾಕಿಸ್ಲಿ?

ಪ್ರಶ್ನೆ: ಉಪನ್ಯಾಸಕಿ, ಎಸ್.ಎಸ್. ಪುರಂ, ತುಮಕೂರು

ನಮಸ್ಕಾರ ಸರ್. ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕ್ತೀನಿ. ಮನೇಲಿರೋ ಕಂಪ್ಯೂಟರಲ್ಲಿ ರೈಜನ್ 5 5600 ಪ್ರೊಸೆಸರ್, ಸಾಧಾರಣ ಗ್ರಾಫಿಕ್ಸ್ ಕಾರ್ಡು. ಕೂಲರ್ ಪ್ರೊಸೆಸರ್ ಡಬ್ಬಿಯಲ್ಲೇ ಬಂದಿದ್ದು. ಚಳಿಗಾಲದಲ್ಲಿ ತೊಂದ್ರೆ ಇರ್ಲಿಲ್ಲ. ಶಿವರಾತ್ರಿ ಕಳೀತು ನೋಡಿ, ಸುಮ್ನೆ ಒಂದು ಫೈಲ್ ತೆಗೆದ್ರೂ ಫ್ಯಾನ್ ಜೋರಾಗಿ ಏರುತ್ತೆ, ಎರಡು ಸೆಕೆಂಡಿಗೆ ಇಳಿಯುತ್ತೆ, ಮತ್ತೆ ಏರುತ್ತೆ. ಅದೆಲ್ಲ ಮೈಕಿನಲ್ಲಿ ಬರ್ತಿದೆ. ಸೀಲಿಂಗ್ ಫ್ಯಾನ್ ಆಫ್ ಮಾಡಿ ಬೆವರು ಸುರಿಸ್ಕೊಂಡು ಪಾಠ ಮಾಡ್ತೀನಿ, ಇದೊಂದು ಮಾತ್ರ ಬಾಯಿ ಮುಚ್ಚಲ್ಲ. ಅಂಗಡಿಯೊಂದರಲ್ಲಿ ವಿಚಾರಿಸಿದ್ರೆ ಲಿಕ್ವಿಡ್ ಕೂಲರ್ ಹಾಕಿಸ್ಬಿಡಿ ಅಂದ್ರು. ಅಷ್ಟು ದುಡ್ಡು ಹಾಕ್ಬೇಕಾ? ಏರ್ ಕೂಲರಲ್ಲೇ ಆಗಲ್ವಾ?

ಉತ್ತರ: ಕಂಪ್ಯೂಟರ್ ಸರ್ವಿಸ್ ಅಂಗಡಿಯವರು, ಬಿ.ಎಚ್. ರಸ್ತೆ

ಲಿಕ್ವಿಡ್ ಬೇಡ ಮೇಡಂ. ನಿಮ್ಮ 5600 ಮಾಮೂಲಿ ಸೆಟ್ಟಿಂಗಿನಲ್ಲಿ ಪೂರ್ತಿ ದುಡಿದ್ರೂ ಎಳೆಯೋದು 76 ವ್ಯಾಟ್ ಅಷ್ಟೆ. ಅಷ್ಟು ಬಿಸಿ ಹೊರಗೆ ಹಾಕೋಕೆ ನೀರಿನ ಪಂಪು, ರೇಡಿಯೇಟರು ಏನೂ ಬೇಕಿಲ್ಲ. ಪಂಪ್ ಅಂದ್ರೆ ನೀವು ಕೆಲಸ ಮಾಡ್ಲಿ ಬಿಡ್ಲಿ ಓಡ್ತಾನೇ ಇರೋ ಇನ್ನೊಂದು ಮೋಟಾರು. ನಿಮಗೆ ಬೇಕಿರೋದು ಸದ್ದು ಕಡಿಮೆ ಆಗೋದು, ಮೋಟಾರು ಜಾಸ್ತಿ ಆಗೋದಲ್ಲ.

ಏರ್ ಕೂಲರನ್ನೂ ಇವತ್ತೇ ತರಬೇಡಿ. ಮೊದಲು ಸದ್ದು ಮಾಡ್ತಿರೋದು ಯಾವುದು ಅಂತ ಗೊತ್ತಾಗಬೇಕು. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದು ಕಿವಿ ಕೊಡಿ. ಕ್ಯಾಬಿನೆಟ್ ಫ್ಯಾನ್‌ಗಳ ವೈರನ್ನು, ಕಂಪ್ಯೂಟರ್ ಆಫ್ ಮಾಡಿ, ಒಂದೊಂದೇ ಬಿಚ್ಚಿ ಆನ್ ಮಾಡಿ ನೋಡಿ. ನಮ್ಮಲ್ಲಿಗೆ ಕೂಲರ್ ಸದ್ದು ಅಂತ ಬರೋ ಎಷ್ಟೋ ಮಷೀನಲ್ಲಿ ಕೂಗ್ತಿರೋದು ಗ್ರಾಫಿಕ್ಸ್ ಕಾರ್ಡಿನ ಫ್ಯಾನೋ, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಡಬ್ಬಿ) ಫ್ಯಾನೋ ಆಗಿರುತ್ತೆ. ಆದ್ರೆ ನೀವು ಹೇಳಿದ ಏರಿಳಿತ ಇದೆಯಲ್ಲ, ಅದು ಹೆಚ್ಚುಕಡಿಮೆ ಪ್ರೊಸೆಸರ್ ಫ್ಯಾನಿಂದೇ. ರೈಜನ್ ಸ್ವಭಾವ ಹಾಗೆ. ಚೂರು ಕೆಲಸ ಬಂದ್ರೂ ಒಂದು ಕೋರ್ ಪೂರ್ತಿ ವೇಗಕ್ಕೆ ಹಾರುತ್ತೆ, ಕ್ಷಣದಲ್ಲಿ 10-15 ಡಿಗ್ರಿ ಏರಿ ಇಳಿಯುತ್ತೆ. ಬೋರ್ಡು ಆ ಏರಿಳಿತದ ಹಿಂದೇನೇ ಫ್ಯಾನ್ ಓಡಿಸುತ್ತೆ.

ಇದಕ್ಕೆ ಮದ್ದು ಬಯೋಸ್‌ನಲ್ಲಿದೆ (ಕಂಪ್ಯೂಟರ್ ಆನ್ ಆಗುವಾಗ ತೆರೆಯೋ ಬೋರ್ಡಿನ ಸೆಟ್ಟಿಂಗ್), ಕಾಸು ಖರ್ಚಿಲ್ಲ. ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಅಂತ ಇಡೋ ಫ್ಯಾನ್ ಕರ್ವ್ ಅನ್ನೋ ಕಡೆ ಹೋಗಿ 60 ಡಿಗ್ರಿವರೆಗೂ 40 ಶೇಕಡಾ ವೇಗದಲ್ಲೇ ಮಟ್ಟಸ ಇಡಿ, 75ಕ್ಕೆ 65 ಶೇಕಡಾ, 85ಕ್ಕೆ ಪೂರ್ತಿ. ನಿಮ್ಮ ಪ್ರೊಸೆಸರಿನ ಗರಿಷ್ಠ ಮಿತಿ 90 ಡಿಗ್ರಿ, ಹೆದರಬೇಡಿ. ಜೊತೆಗೆ ಸ್ಪಿನ್ ಅಪ್ ಟೈಮ್, ಸ್ಟೆಪ್ ಅಪ್ ಟೈಮ್ ಅಂತೇನಾದ್ರೂ ಇದ್ರೆ ನಾಲ್ಕೈದು ಸೆಕೆಂಡಿಗೆ ಏರಿಸಿ. ಕ್ಷಣದ ಬಿಸಿಗೆ ಫ್ಯಾನ್ ಬೆಚ್ಚಿ ಬೀಳೋದು ಅಲ್ಲಿಗೆ ನಿಲ್ಲುತ್ತೆ.

ಶಿವರಾತ್ರಿ ಅಂದ್ರಲ್ಲ, ಅದೂ ಸರಿಯೇ. ಗಾಳಿ ಕೂಲರ್ ಯಾವುದೇ ಇರ್ಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡೋಕೆ ಅದರಿಂದ ಆಗಲ್ಲ. ಡಿಸೆಂಬರ್‌ನಲ್ಲಿ ರೂಮು 24 ಡಿಗ್ರಿ ಇದ್ದು ಏಪ್ರಿಲ್‌ನಲ್ಲಿ 35 ಆದ್ರೆ, ಅದೇ ಕೆಲಸ, ಅದೇ ಫ್ಯಾನ್ ವೇಗಕ್ಕೆ ಪ್ರೊಸೆಸರ್ ಕೂಡ ಸುಮಾರು 11 ಡಿಗ್ರಿ ಮೇಲೆ ಕೂತಿರುತ್ತೆ. ಆ ಹನ್ನೊಂದನ್ನ ಇಳಿಸೋಕೇ ನಿಮ್ಮ ಫ್ಯಾನ್ ಒದ್ದಾಡ್ತಿರೋದು.

ಇಷ್ಟು ಮಾಡಿ, ನಾಲ್ಕು ದಿನ ಬಿಟ್ಟು ಹೇಳಿ. ಮೈಕ್ ಕಾರ್ಡಿಯಾಯ್ಡ್ ಆಗಿದ್ರೆ ಅದರ ಬೆನ್ನು ಕಂಪ್ಯೂಟರ್ ಕಡೆ ಇರೋ ಹಾಗೆ ಕೂರಿಸಿ, ಅದು ಹಿಂದಿನ ಸದ್ದನ್ನು ಕಡಿಮೆ ಹಿಡಿಯುತ್ತೆ. ಬಾಯಿಗೂ ಮೈಕಿಗೂ ಇರೋ ದೂರ ಅರ್ಧ ಮಾಡಿದ್ರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಮೇಲೇಳುತ್ತೆ. ಫಿಸಿಕ್ಸ್ ಮೇಡಂಗೆ ಇದನ್ನ ನಾನು ಹೇಳ್ಬೇಕಾ!

ಪ್ರಶ್ನಿಸಿದವರು:

ಸರ್, ಮೈಕ್ ತಿರುಗಿಸಿದ್ದಕ್ಕೇ ಅರ್ಧ ಸಮಸ್ಯೆ ಹೋಯ್ತು. ಏರಿಳಿತ ಪೂರ್ತಿ ನಿಂತಿದೆ. ಆದ್ರೆ ಒಂದು ವಿಡಿಯೊ ರೆಂಡರ್‌ಗೆ (ಎಡಿಟ್ ಮಾಡಿದ್ದನ್ನ ಪೂರ್ತಿ ಫೈಲ್ ಮಾಡೋಕೆ) ಹಾಕಿ, ಅದು ಮುಗಿಯೋದ್ರೊಳಗೆ ಮುಂದಿನ ಪಾಠ ರೆಕಾರ್ಡ್ ಮಾಡೋಣ ಅಂದ್ರೆ ಆಗ್ತಿಲ್ಲ. 82-83 ಡಿಗ್ರಿ ಹೋಗಿ ಒಂದೇ ಸಮ ಹುಯ್ಲಿಡುತ್ತೆ. ಹಾಗಾಗಿ ಕೂಲರ್ ತಗೊಳ್ಳೋದು ಅಂತ ತೀರ್ಮಾನ ಮಾಡಿದೀನಿ. ನಮ್ಮೆಜಮಾನ್ರು ನಾಡಿದ್ದು ಬೆಂಗಳೂರಿಗೆ ಹೋಗ್ತಾರೆ, ಎಸ್.ಪಿ. ರೋಡಲ್ಲಿ ಏನು ತರೋಕೆ ಹೇಳ್ಲಿ?

ಉತ್ತರ:

ಈಗ ಕೂಲರ್ ವಿಷಯಕ್ಕೆ ಬರೋಣ. ಹೆಸರು, ಬೆಲೆ ಆಮೇಲೆ. ನಿಶ್ಶಬ್ದ ಅನ್ನೋದು ದೊಡ್ಡ ಫ್ಯಾನು ನಿಧಾನಕ್ಕೆ ತಿರುಗೋದ್ರಿಂದ ಬರುತ್ತೆ. ಒಂದೇ ಫ್ಯಾನನ್ನ 1600 ಸುತ್ತಿಂದ 800ಕ್ಕೆ ಇಳಿಸಿದ್ರೆ ಸದ್ದು ಸುಮಾರು 15 ಡೆಸಿಬೆಲ್ ಬೀಳುತ್ತೆ, ಗಾಳಿ ಮಾತ್ರ ಅರ್ಧ ಆಗುತ್ತೆ. 10 ಡೆಸಿಬೆಲ್ ಇಳಿದ್ರೇ ಕಿವಿಗೆ ಸದ್ದು ಅರ್ಧ ಆದಂಗೆ ಕೇಳುತ್ತೆ. ಆ ಅರ್ಧ ಗಾಳಿಯಲ್ಲೇ ಕೆಲಸ ಮುಗಿಸಬೇಕು ಅಂದ್ರೆ ಬಿಸಿ ಹರಡಿಕೊಳ್ಳೋಕೆ ಜಾಸ್ತಿ ತಗಡು ಬೇಕು. ಅದಕ್ಕೇ ಗೋಪುರದ ಥರ ನಿಲ್ಲೋ ಟವರ್ ಕೂಲರ್.

ನಿಮ್ಮ ಹಳೇ ಕೂಲರ್ ಬರೀ ಅಲ್ಯೂಮಿನಿಯಂ ಮುದ್ದೆ. ಟವರ್ ಕೂಲರ್‌ನಲ್ಲಿ ತಾಮ್ರದ ಹೀಟ್ ಪೈಪ್ ಇರುತ್ತೆ, ಅದರೊಳಗೆ ಗಾಳಿ ತೆಗೆದು ಒಂದಿಷ್ಟೇ ಇಷ್ಟು ನೀರು ಬಿಟ್ಟಿರ್ತಾರೆ. ಬುಡದಲ್ಲಿ ಬಿಸಿ ತಾಗಿ ಆವಿ ಆಗುತ್ತೆ, ತುದಿಗೆ ಹೋಗಿ ತಗಡುಗಳಿಗೆ ಶಾಖ ಬಿಟ್ಟು ನೀರಾಗುತ್ತೆ, ಪೈಪಿನ ಒಳಗೋಡೆಯ ಸಣ್ಣ ಸಣ್ಣ ರಂಧ್ರಗಳ ಪದರ ಆ ನೀರನ್ನ ಹೀರಿ ಮತ್ತೆ ಬುಡಕ್ಕೆ ತರುತ್ತೆ. ಮೋಟಾರಿಲ್ಲ, ಸದ್ದಿಲ್ಲ. ನಿಮಗೆ ನಾಲ್ಕು ಪೈಪು, ಒಂದು 120 ಮಿ.ಮೀ. ಫ್ಯಾನ್ ಇರೋದು ಧಾರಾಳ.

ತರೋ ಮುಂಚೆ ಎತ್ತರ ಅಳೀರಿ. ಇದೊಂದನ್ನ ಬಿಟ್ಟು ಹೋಗಿ, ಮನೆಗೆ ಬಂದು ಪಕ್ಕದ ಮುಚ್ಚಳ ಹಾಕೋಕಾಗದೆ ಮತ್ತೆ ಬಸ್ ಹತ್ತಿದವರು ಬಹಳ ಜನ. ಮದರ್‌ಬೋರ್ಡ್ ಮಟ್ಟದಿಂದ ಮುಚ್ಚಳ ಕೂರೋ ಅಂಚಿನವರೆಗೆ ಸ್ಕೇಲ್ ಹಿಡಿದು, ಬಂದಿದ್ದರಲ್ಲಿ ಒಂದು ಸೆಂ.ಮೀ. ಕಳೀರಿ.

ಪ್ರಶ್ನಿಸಿದವರು:

17.1 ಇದೆ ಸರ್. ಅಂದ್ರೆ 16.1.

ಉತ್ತರ:

ಹಾಗಾದ್ರೆ ಡೀಪ್‌ಕೂಲ್ ಎಕೆ400 ತರೋಕೆ ಹೇಳಿ. 155 ಮಿ.ಮೀ. ಎತ್ತರ, ನಾಲ್ಕು ಪೈಪು. ನಿಮ್ಮ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಅದು ಸಿಗದಿದ್ರೆ ಥರ್ಮಲ್‌ರೈಟ್ ಅಸಾಸಿನ್ ಎಕ್ಸ್ 120 ಎಸ್‌ಇ, ಇನ್ನೂ ಗಿಡ್ಡ. ನಾಕ್ಟುವಾ ಎನ್‌ಎಚ್-ಡಿ15 ತೋರಿಸ್ತಾರೆ, ಆಸ್ಟ್ರಿಯಾ ಕಂಪನಿದು, ಫ್ಯಾನಿಗೆ ಅದೇ ಕಂದು ಬಣ್ಣ. ಒಳ್ಳೇ ಮಾಲು, ಎರಡು ಮಾತಿಲ್ಲ, ಆದ್ರೆ 165 ಮಿ.ಮೀ. ಎತ್ತರ. ನಿಮ್ಮ ಡಬ್ಬದೊಳಗೆ ಕೂರಲ್ಲ, 76 ವ್ಯಾಟಿಗೆ ಅದು ಬೇಕಾಗೂ ಇಲ್ಲ. ಬಣ್ಣದ ಲೈಟು ಇದೆ ಅಂತ ಇನ್ನೂರು ರೂಪಾಯಿ ಜಾಸ್ತಿ ಹೇಳಿದ್ರೆ ಬೇಡ ಅನ್ನಿ, ಲೈಟಿಂದ ಸದ್ದು ಕಮ್ಮಿ ಆಗಲ್ಲ. ಫ್ಯಾನ್ ವೈರಿಗೆ ನಾಲ್ಕು ಪಿನ್ ಇದೆಯಾ ಅಂತ ಮಾತ್ರ ನೋಡಿಕೊಳ್ಳಲಿ. ಮೂರು ಪಿನ್ ಆದ್ರೆ ಕೆಲವು ಬೋರ್ಡಲ್ಲಿ ವೇಗದ ಹತೋಟಿ ಸಿಗದೆ ಯಾವಾಗಲೂ ಪೂರ್ತಿ ಓಡುತ್ತೆ.

ಕ್ಯಾತ್ಸಂದ್ರದಿಂದ ಒಬ್ಬರು:

ಅಣ್ಣ, ಮಧ್ಯೆ ಬಾಯಿ ಹಾಕ್ತಿದೀನಿ. ನಂದೂ 5600. ಕೂಲರ್ ಆನ್‌ಲೈನಲ್ಲಿ ಬಂದು ಕೂತಿದೆ, ನಾನೇ ಹಾಕ್ಬಹುದಾ? ಹಳೇದು ಎಳೆದ್ರೂ ಬರ್ತಿಲ್ಲ.

ಉತ್ತರ:

ಎಳೀಬೇಡಿ! ಕೈ ತೆಗೀರಿ ಮೊದ್ಲು. ಎಎಂ4 (ನಿಮ್ಮ 5600 ಕೂರೋ ಸಾಕೆಟ್ಟಿನ ಬಗೆ) ಪ್ರೊಸೆಸರ್‌ಗೆ ಪಿನ್ನುಗಳು ಅದರ ಹೊಟ್ಟೆಯಲ್ಲೇ ಇರುತ್ತೆ, 1331 ಪಿನ್. ಶಾಖ ದಾಟಿಸೋಕೆ ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚಿರೋ ಹಳೇ ಪೇಸ್ಟ್ ಗಟ್ಟಿಯಾಗಿ ಹಿಡಿದಿದ್ರೆ, ನೇರ ಮೇಲಕ್ಕೆ ಎಳೆದಾಗ ಪ್ರೊಸೆಸರ್ ಹಿಡಿದಿಡೋ ಲಿವರ್ ಹಾಕಿದ್ರೂ ಪ್ರೊಸೆಸರ್ ಸಾಕೆಟ್ಟಿಂದ ಕಿತ್ಕೊಂಡು ಕೂಲರ್ ಜೊತೇನೇ ಬರುತ್ತೆ. ಪಿನ್ ಬಗ್ಗಿದ್ರೆ ಸೂಜಿ ಹಿಡ್ಕೊಂಡು ಒಂದೊಂದೇ ನೆಟ್ಟಗೆ ಮಾಡ್ತಾ ಕೂರಬೇಕು, ಮುರಿದ್ರೆ ಮುಗೀತು.

ಬಿಚ್ಚಿದ ಸ್ಕ್ರೂಗಳನ್ನ ವಾಪಸ್ ಹಾಕಿ, ಕಂಪ್ಯೂಟರ್ ಆನ್ ಮಾಡಿ ಹತ್ತು ನಿಮಿಷ ವಿಡಿಯೊ ರೆಂಡರೋ ಗೇಮೋ ಓಡಿಸಿ. ಪೇಸ್ಟ್ ಮೆತ್ತಗಾಗುತ್ತೆ. ಆಮೇಲೆ ಆಫ್ ಮಾಡಿ, ಪವರ್ ವೈರ್ ತೆಗೆದು, ನಾಲ್ಕೂ ಸ್ಕ್ರೂ ಸಡಿಲಿಸಿ, ಕೂಲರನ್ನ ಎಡಕ್ಕೆ ಬಲಕ್ಕೆ ತಿರುಚಿ. ಅಂಟು ಬಿಟ್ಟಿದ್ದು ಕೈಗೇ ಗೊತ್ತಾಗುತ್ತೆ. ಆಗ ಎತ್ತಿ.

ನಾಲ್ಕು ಸ್ಕ್ರೂ ಬಿಚ್ಚಿದ ತಕ್ಷಣ ಬೋರ್ಡಿನ ಹಿಂದಿರೋ ಲೋಹದ ತಟ್ಟೆ ಕೆಳಗೆ ಬೀಳುತ್ತೆ, ಹಿಂದಿನ ಮುಚ್ಚಳ ತೆಗೆದು ಒಂದು ಕೈ ಅಲ್ಲಿ ಕೊಟ್ಟಿರಿ. ಎಕೆ400 ಥರದ್ದಾದ್ರೆ ಅದೇ ತಟ್ಟೆಗೆ ಸ್ಕ್ರೂ ಆಗುತ್ತೆ. ಕೊಕ್ಕೆಯಲ್ಲಿ ಸಿಕ್ಕಿಸೋ ಬಗೆಯ ಕೂಲರ್ ತಂದಿದ್ರೆ ಬೋರ್ಡ್ ಜೊತೆ ಬಂದಿದ್ದ ಎರಡು ಪ್ಲಾಸ್ಟಿಕ್ ಪಟ್ಟಿ ಬೇಕಾಗುತ್ತೆ. ಆ ಡಬ್ಬಿ ಗುಜರಿಗೆ ಹಾಕಿದ್ರೆ ಈಗ ಹುಡುಕಾಟ ಶುರು.

ಹಳೇ ಪೇಸ್ಟನ್ನ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ. ಹತ್ತಿ ಬೇಡ, ನಾರು ಬಿಡುತ್ತೆ, ಹಳೇ ಬನಿಯನ್ ಬಟ್ಟೆ ಸಾಕು. ಹೊಸ ಪೇಸ್ಟ್ ತೊಗರಿಕಾಳಿನಷ್ಟು, ಮಧ್ಯಕ್ಕೆ. ಕೂಲರಿಗೆ ಮೊದಲೇ ಪೇಸ್ಟ್ ಹಚ್ಚಿದ್ರೆ ಮತ್ತೆ ಹಾಕಬೇಡಿ. ಬುಡದಲ್ಲಿ ಅಂಟಿಸಿರೋ ಪ್ಲಾಸ್ಟಿಕ್ ಹಾಳೆ ಕಿತ್ತು ಎಸೀರಿ, ಅದನ್ನ ಇಟ್ಕೊಂಡೇ ಕೂರಿಸಿ "ಹೊಸ ಕೂಲರ್ ಕೆಲಸ ಮಾಡ್ತಿಲ್ಲ" ಅಂತ ತರೋರು ಇವತ್ತಿಗೂ ಇದ್ದಾರೆ. ಸ್ಕ್ರೂಗಳನ್ನ ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಅಂತ ಬಿಗಿ ಮಾಡ್ತಾ ಬನ್ನಿ. ಒಂದನ್ನೇ ಪೂರ್ತಿ ಬಿಗಿದ್ರೆ ಕೂಲರ್ ವಾಲಿಕೊಳ್ಳುತ್ತೆ. ಫ್ಯಾನ್ ರ‍್ಯಾಮ್ ಕಡೆ ನಿಂತು ಹಿಂಬದಿಗೆ ಗಾಳಿ ತಳ್ಳಬೇಕು. ಗಾಳಿ ಹೋಗೋದು ಫ್ಯಾನಿನ ಅಡ್ಡಪಟ್ಟಿಗಳಿರೋ ಮುಖದ ಕಡೆಗೆ. ವೈರನ್ನ ಸಿಪಿಯು ಫ್ಯಾನ್ ಅಂತ ಬರೆದಿರೋ ಪಿನ್ನಿಗೇ ಹಾಕಿ.

ಪ್ರಶ್ನಿಸಿದವರು:

ಓದಿದ ಮೇಲೆ ನಾನು ಕೈ ಹಾಕಲ್ಲ ಸರ್, ನಿಮ್ಮ ಅಂಗಡಿಗೇ ತರ್ತೀನಿ. ಇನ್ನೊಂದು. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ಓಡೋವಾಗ ಕಂಪ್ಯೂಟರಿಂದ ಗುಂಯ್ ಅಂತ ಬೇರೆ ಸದ್ದು ಬರುತ್ತೆ. ಹೊಸ ಕೂಲರ್ ಹಾಕಿದ್ರೆ ಅದೂ ಹೋಗುತ್ತಾ?

ಉತ್ತರ:

ಹೋಗಲ್ಲ ಮೇಡಂ, ಅದು ಕೂಲರ್ ಸದ್ದಲ್ಲ. ಆಗ ಸೀಲಿಂಗ್ ಫ್ಯಾನ್ ಹಾಕಿ ನೋಡಿ, ಅದೂ ಗುಂಯ್ ಅಂದ್ರೆ ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್. ಆ ವಿದ್ಯುತ್ತಿಗೆ ಎಸ್‌ಎಂಪಿಎಸ್ ಒಳಗಿನ ಸುರುಳಿಗಳು ಅದುರುತ್ತವೆ. ಸೈನ್ ವೇವ್ ಇನ್ವರ್ಟರ್ ಇದ್ರೆ ಈ ಗೋಳಿಲ್ಲ. ಅದಕ್ಕೋಸ್ಕರನೇ ಬದಲಾಯಿಸಿ ಅನ್ನಲ್ಲ, ಬೆಸ್ಕಾಂನವರು ಕರೆಂಟ್ ಕೊಟ್ಟಾಗ ರೆಕಾರ್ಡ್ ಮಾಡಿ.

ಬರೋವಾಗ ಕೀಬೋರ್ಡ್, ಮಾನಿಟರ್ ಬೇಡ, ಕ್ಯಾಬಿನೆಟ್ ಒಂದೇ ಸಾಕು. ಧೂಳನ್ನೂ ಬ್ಲೋವರ್ ಹಿಡಿದು ತೆಗೆದುಕೊಡ್ತೀನಿ. ಮನೇಲಿ ನೀವೇ ಊದೋದಾದ್ರೆ ಫ್ಯಾನ್ ರೆಕ್ಕೆಯನ್ನ ಬೆರಳಲ್ಲಿ ಹಿಡಿದುಕೊಳ್ಳಿ. ಗಾಳಿ ರಭಸಕ್ಕೆ ಅದು ಮಿತಿ ಮೀರಿ ತಿರುಗಿದ್ರೆ ಬೇರಿಂಗ್ ಹಾಳಾಗಿ, ಮತ್ತೆ ಸದ್ದು ಅಂತ ನನ್ನ ಹತ್ರಾನೇ ಬರ್ತೀರಿ.

ಶಿರಾದಿಂದ ಒಬ್ಬರು:

ಸರ್, ನಂದು ಇಂಟೆಲ್ ಐ7 12700. ಮೇಡಂಗೆ ಹೇಳಿದ ಕೂಲರೇ ಸಾಕಾ? ನನ್ನ ಹತ್ರ 10ನೇ ಜನರೇಶನ್ನಿನ ಮಷೀನಿಂದ ತೆಗೆದಿದ್ದ ಹಳೇ ಟವರ್ ಕೂಲರ್ ಒಂದಿದೆ, ಅದೂ ನಡೆಯುತ್ತಾ?

ಉತ್ತರ:

ನಿಮ್ಮ ಲೆಕ್ಕ ಬೇರೆ. ಹೆಸರಿಗೆ 65 ವ್ಯಾಟ್, ಟರ್ಬೊದಲ್ಲಿ (ವೇಗ ಪೂರ್ತಿ ಏರಿದಾಗ) 180 ವ್ಯಾಟ್‌ವರೆಗೂ ಹೋಗುತ್ತೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ, ಎಸಿ ಇಲ್ಲದ ರೂಮಲ್ಲಿ, ಅದನ್ನ ಸದ್ದಿಲ್ಲದೆ ತಣ್ಣಗಿಡೋಕೆ ಎರಡು ಗೋಪುರದ್ದು ಬೇಕು. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ ನೋಡಿ, ಆರು ಪೈಪು, ಎರಡು ಫ್ಯಾನು, ಎತ್ತರ 155 ಮಿ.ಮೀ. ಅಷ್ಟೆ. ಎರಡು ಫ್ಯಾನ್ ಅಂದ್ರೆ ಡಬಲ್ ಸದ್ದು ಅಂದ್ಕೋಬೇಡಿ, ಒಂದೇ ಥರದ ಎರಡು ಸೇರಿದ್ರೆ ಏರೋದು 3 ಡೆಸಿಬೆಲ್. ಎತ್ತರದ ರ‍್ಯಾಮ್ ಇದ್ರೆ ಮುಂದಿನ ಫ್ಯಾನ್ ತಗಲುತ್ತೆ, ಅದನ್ನೂ ಅಳೆದುಕೊಳ್ಳಿ.

ಹಳೇ ಕೂಲರ್ ಹಾಗೇ ಕೂರಲ್ಲ. 10ನೇ ಜನರೇಶನ್ ಬೋರ್ಡಲ್ಲಿ ಸ್ಕ್ರೂ ತೂತುಗಳ ನಡುವೆ 75 ಮಿ.ಮೀ., ನಿಮ್ಮ ಎಲ್‌ಜಿಎ 1700 ಸಾಕೆಟ್ಟಿನ ಬೋರ್ಡಲ್ಲಿ 78. ಆ ಕಂಪನಿಯವರು 1700ರ ಪಟ್ಟಿ ಬೇರೆ ಮಾರ್ತಾರಾ ವಿಚಾರಿಸಿ, ಸಿಕ್ಕಿದ್ರೆ ಹಾಕಿ. ಬಯೋಸ್‌ನಲ್ಲಿ ಪವರ್ ಲಿಮಿಟ್ಟನ್ನ 120 ವ್ಯಾಟ್‌ಗೆ ಕಟ್ಟಿಟ್ಟರೆ ಅದರಲ್ಲೂ ಕಾಲ ಹಾಕಬಹುದು, ರೆಂಡರ್ ಸ್ವಲ್ಪ ತಡವಾಗುತ್ತೆ. ತೂತು ದೊಡ್ಡದು ಮಾಡಿ, ಟ್ಯಾಗ್ ಕಟ್ಟಿ ಕೂರಿಸೋಣ ಅಂತ ಮಾತ್ರ ಹೋಗ್ಬೇಡಿ.